ಉಜ್ಜಿದ್ದು ಸಾಕು

ಬೋರ್ಡು ನಾನೇ ಬರೆಸಿದ್ದು:
ಸ್ಕ್ರಬ್ ಮುನ್ನೂರು, ಫೇಶಿಯಲ್ ಏಳುನೂರು.
ಕ್ರೀಮು ಹಚ್ಚುವುದಕ್ಕೆ ಬೇರೆ ರೇಟಿಲ್ಲ.
ಕೆರೆದು ತೆಗೆದದ್ದಕ್ಕೆ ಜನ ಕಾಸು ಬಿಚ್ಚುತ್ತಾರೆ,
ಹತ್ತಿಯ ಮೇಲಿನ ಕಪ್ಪು ತೋರಿಸಿದರೆ
‘ಅಬ್ಬಾ, ಇಷ್ಟಿತ್ತಾ!’ ಎಂದು ಖುಷಿಪಡುತ್ತಾರೆ.
ಒಳಗಿಳಿದದ್ದನ್ನು ಹೇಗೆ ತೋರಿಸಲಿ?

ಕೋಡಿಬಾಗದ ನನ್ನ ಒಂಟಿ ಕುರ್ಚಿಯ ಪಾರ್ಲರಿಗೆ
ಜೂನ್ ಎರಡನೇ ವಾರ, ಬಲೆಗಳಿಗೆ ರಜೆ ಬಿದ್ದ ಮೇಲೆ,
ಶೇವಂತಾಬಾಯಿ ತಾಂಡೇಲ ಬಂದಳು.
ಹೊಸ್ತಿಲಲ್ಲೇ ನಿಂತು
ತನ್ನ ಕೈಯನ್ನು ತಾನೇ ಮೂಸಿ ನೋಡಿ
‘ಮೀನಿನ ವಾಸನೆ ಇಲ್ಲ ತಾನೇ?’ ಅಂದಳು.
ಇತ್ತು.
ಇಲ್ಲ ಅಂದೆ.

ಮುಖಕ್ಕಲ್ಲ ಅವಳು ಬಂದದ್ದು. ಹೆಬ್ಬೆಟ್ಟಿಗೆ.

ರೇಶನ್ ಅಂಗಡಿಯ ಮಶಿನ್ನು ಮೂರು ಸಲ
ಅವಳನ್ನು ಅವಳಲ್ಲ ಅಂದಿದೆ.
ಬಲಗೈ ಇಟ್ಟಳು, ಎಡಗೈ ಇಟ್ಟಳು,
ಸೆರಗಿಗೊರೆಸಿ ಇಟ್ಟಳು, ಎಂಜಲು ಹಚ್ಚಿ ಇಟ್ಟಳು.
ಕೆಂಪು ದೀಪ.
ಸಾಲಿನಲ್ಲಿ ನಿಂತವರೆಲ್ಲ ಡಾಕ್ಟರು:
ಕೊಳೆ ಕೂತಿದೆ, ಚೆನ್ನಾಗಿ ತಿಕ್ಕು.
ತಿಕ್ಕಿದಳು.
ಸಾಣಿಕಟ್ಟೆಯ ಹರಳುಪ್ಪು, ಲಿಂಬೆಹೋಳು, ತೆಂಗಿನ ನಾರು,
ಕೊನೆಗೆ ಮೀನಿನ ಹುರುಪೆ ತೆಗೆಯುವ ಬ್ರಶ್ಶು.

ಕಿಟಕಿಯ ಬೆಳಕಿಗೆ ಹಿಡಿದೆ ಆ ಬೆರಳನ್ನು.
ಇಳಿತದ ಮೇಲೆ ಮರಳಲ್ಲಿ ಉಳಿಯುವಂಥ ಗೀರು
ಇರಬೇಕಾದಲ್ಲಿ
ಕುಂಟಾಬಿಲ್ಲೆಯ ಹಂಚಿನ ಚೂರಿನ ನುಣುಪು.
ಅಂಚಿಗೆ ಬಿರುಕು, ಬಿರುಕಿನೊಳಗೆ ಹಸಿ ಕೆಂಪು.
ಮುಟ್ಟಿದರೆ ಉರಿ ಎಂದು ಅವಳು ಹೇಳಲಿಲ್ಲ,
ಕಾಲಿನ ಬೆರಳು ಮಡಚಿಕೊಂಡವು.

‘ನಿನ್ನ ಮಶಿನ್ನಲ್ಲಿ ಇನ್ನೊಂದು ಸಲ ಉಜ್ಜಿಬಿಡು ಬಾಯಿ.’
ಸೆರಗಿನ ಗಂಟಿನಿಂದ ಮೂರು ನೋಟು,
ಮೂರೂ ಒದ್ದೆ.

ಕೋರ್ಸಿನಲ್ಲಿ ಕಲಿತದ್ದನ್ನು ಒಪ್ಪಿಸಲು ಹೊರಟೆ:
ಸತ್ತ ಪದರ, ಬದುಕಿದ ಪದರ, ನೀರು ಹಿಡಿದಿಡುವ ಗೋಡೆ…
ಆಕಳಿಸಿದಳು.
ಮಾತು ಬಿಟ್ಟು ಕೇಳಿದೆ:
ಬೈತಖೋಲದಲ್ಲಿ ದೋಣಿ ಮೇಲಕ್ಕೆಳೆದ ಮೇಲೆ ಏನು ಮಾಡುತ್ತೀರಿ?

‘ಚಿಪ್ಪು ಕೆರೆಯುತ್ತೇವೆ.’
ಎಷ್ಟು ಸಲ?
‘ಒಂದು ಸಲ! ದಿನಾ ಕೆರೆಯಲಿಕ್ಕೆ ಹುಚ್ಚೇ?
ಹಲಗೆ ತೆಳ್ಳಗಾಗಿ ನೀರು ಒಳಗೇ ಬರ್ತದೆ.’
ಆಮೇಲೆ?
‘ಆಮೇಲೆ ಗೇರೆಣ್ಣೆ. ಎರಡು ಕೈ.
ಹಲಗೆ ಕುಡಿಯುವಷ್ಟು ಕುಡಿಸಬೇಕು.
ಕೆರೆಯದೇ ಬಳಿದರೆ ಎಣ್ಣೆ ಚಿಪ್ಪಿಗೇ ಸೈ,
ಬಳಿಯದೇ ಬಿಟ್ಟರೆ ಬಿಸಿಲಿಗೆ ಹಲಗೆ…’

ಅಷ್ಟಕ್ಕೇ ನಿಂತಳು.
ತನ್ನ ಕೈಯನ್ನು, ಯಾರದೋ ದೋಣಿಯೆಂಬಂತೆ,
ತಿರುಗಿಸಿ ತಿರುಗಿಸಿ ನೋಡಿದಳು.

ಕಪಾಟಿನಲ್ಲಿ ಶಿರಸಿಯ ಮುರುಗಲ ತುಪ್ಪವಿತ್ತು.
ಮೇಣದ ಗಡ್ಡೆ, ಮೈಬಿಸಿ ತಾಗದೆ ಕರಗದ ಹಟಮಾರಿ.
ಅಂಗೈಯಲ್ಲಿ ಕರಗಿಸಿ, ಅವಳ ಕೈ ತೊಳೆದು,
ಒದ್ದೆ ಪೂರ್ತಿ ಆರುವ ಮುನ್ನ ಸವರಿದೆ.
ಹದಿನೈದು ದಿನ ಹೀಗೇ. ಉಪ್ಪು ಬಂದ್, ಬ್ರಶ್ಶು ಬಂದ್.
ಆಮೇಲೆ ಬೇಕಾದರೆ ವಾರಕ್ಕೊಮ್ಮೆ ಕಡಲೆಹಿಟ್ಟು,
ಕೂಸಿನ ಬೆನ್ನು ತೊಳೆದ ಹಾಗೆ, ಸಿಟ್ಟಿಲ್ಲದೆ.

‘ಎಷ್ಟಾಯಿತು?’
ಬೋರ್ಡು ನೋಡಿದೆ. ಅದರಲ್ಲಿರಲಿಲ್ಲ.

ಜುಲೈಯಲ್ಲಿ ಮತ್ತೆ ಬಂದಳು, ಕೊಡೆ ಹರಿದಿತ್ತು.
‘ಮೊದಲ ಸಲ ಹಿಡಿಯಲಿಲ್ಲ.
ತುಪ್ಪ ಜಾಸ್ತಿಯಾಗಿ ಜಾರಿತು ಹೆಬ್ಬೆಟ್ಟು.
ಒರೆಸಿ ಇಟ್ಟೆ ನೋಡು, ಹಸಿರು!
ಒಳಗಿಂದ ನನ್ನ ಹೆಸರು ಕೂಗಿದ.’
ಬೆರಳು ಮುಂದೆ ಚಾಚಿದಳು.
ಗೀರುಗಳು ಪೂರ್ತಿ ಬಂದಿರಲಿಲ್ಲ,
ಬರುವ ದಾರಿಯಲ್ಲಿದ್ದವು.

ಮೇಜಿನ ಮೇಲೆ ಬಿಟ್ಟುಹೋದಳು ಒಣ ಶೆಟ್ಲಿಯ ಪೊಟ್ಟಣ,
ಲೋಶನ್ ಬಾಟಲಿಗಳ ನಡುವೆ.

ಮುಂದಿನ ಗಿರಾಕಿ ಕಾಜುಬಾಗದವಳು,
ಕುರ್ಚಿಯಲ್ಲಿ ಒರಗಿ, ಮೂಗು ಸೊಟ್ಟ ಮಾಡಿ,
‘ಏನಿದು ವಾಸನೆ?’ ಅಂದಳು.

ಹೊಸ ಕ್ರೀಮು, ಅಂದೆ.